ಕೂಲರ್ ಹಚ್ಚಿ ಕಿಟಕಿ ಮುಚ್ಚಬೇಡಿ

ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ಎಷ್ಟೋ ಆಫೀಸುಗಳಲ್ಲಿ ಮೂಲೆಯಲ್ಲೊಂದು ಕೂಲರ್ ಓಡುತ್ತಿರುತ್ತದೆ, ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಕೇಳಿದರೆ ‘ತಂಪು ಹೊರಗ ಹೋಗ್ತದರೀ’ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಫೈಲಿನ ಕಾಗದ ಮೆತ್ತಗಾಗಿ, ಕೊರಳು ಅಂಟಂಟಾಗಿ, ಕೂಲರ್ ಉಪಯೋಗಿಲ್ಲ, ಎಸಿ ಹಾಕಿಸೋಣ ಎಂಬ ಮಾತು ಶುರುವಾಗುತ್ತದೆ.

ಕೂಲರಿನದೇನೂ ತಪ್ಪಿಲ್ಲ. ಗಡಿಗೆಯ ನೀರು ತಂಪಾಗುವ ಸೂತ್ರವೇ ಅದರದ್ದೂ. ಆವಿಯಾಗಲು ನೀರಿಗೆ ಉಷ್ಣ ಬೇಕು. ಅದನ್ನು ಪಕ್ಕದ ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. 1 ಲೀಟರಿಗೆ ಸುಮಾರು 2,400 ಕಿಲೋಜೂಲ್. ಅಂದರೆ ಒಂದೂವರೆ ಟನ್ನಿನ ಎಸಿ ಒಂದು ತಾಸು ಪೂರ್ತಿ ದುಡಿದು ಹೊರಹಾಕುವಷ್ಟು ಉಷ್ಣವನ್ನು 8 ಲೀಟರ್ ನೀರು ಹೀರುತ್ತದೆ! ಎಸಿ ಅದಕ್ಕೆ ಒಂದೂವರೆ ಯೂನಿಟ್ಟಿನಷ್ಟು ಕರೆಂಟ್ ತಿಂದರೆ, ಕೂಲರಿನ ಫ್ಯಾನು, ಪಂಪು ಸೇರಿ ಕಾಲು ಯೂನಿಟ್ಟಿನ ಆಸುಪಾಸು. ಹೊರಗಿನ ಬಿಸಿಗಾಳಿಯನ್ನೇ ತಣಿಸಿ ಒಳಗೆ ತರಬೇಕಾದ್ದರಿಂದ ಆ ತಂಪು ಅಷ್ಟೂ ಕೋಣೆಗೆ ದಕ್ಕುವುದಿಲ್ಲ, ನಿಜ. ಆದರೂ ಲಾಭ ದೊಡ್ಡದೇ.

ಗಾಳಿ ಎಷ್ಟು ಒಣಗಿದೆಯೋ ಅಷ್ಟು ತಂಪು. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯಿರಿ. ತಾಪ 37 ಡಿಗ್ರಿ, ಆರ್ದ್ರತೆ ಶೇ. 20 ಇರುವಾಗ ಅದು ಸುಮಾರು 21ಕ್ಕೆ ಇಳಿಯುತ್ತದೆ. ಒಳ್ಳೆಯ ಪ್ಯಾಡ್ (ಗಾಳಿ ಹಾಯುವ ಒದ್ದೆ ಪದರು) ಇರುವ ಕೂಲರ್ 24–25 ಡಿಗ್ರಿಯ ಗಾಳಿ ಕೊಡುವುದು ಇದರಿಂದಲೇ. ಕಿಟಕಿ ಮುಚ್ಚಿದಿರೋ, ಅದೇ ತೇವದ ಗಾಳಿ ಮತ್ತೆ ಮತ್ತೆ ಪ್ಯಾಡಿಗೆ ಬರುತ್ತದೆ. ಆವಿಯಾಗುವುದು ಕುಂಠಿತವಾಗುತ್ತದೆ, ಕಂಪ್ಯೂಟರುಗಳ, ಕೂತವರ ಮೈಯ ಶಾಖ ಮಾತ್ರ ಸೇರುತ್ತಲೇ ಇರುತ್ತದೆ. ಕೂಲರಿನ ಬೆನ್ನು ಹೊರಗಾಳಿಗಿರಲಿ, ಎದುರಿನ ಕಿಟಕಿ ತೆರೆದಿರಲಿ.

ಎಸಿಯ ಹುಟ್ಟೇ ಬೇರೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯ ಬೇಸಿಗೆಯ ತೇವದಿಂದ ಕಂಗೆಟ್ಟಿತ್ತು. ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಮೇಲೆ ಬಣ್ಣ ಕೂಡುತ್ತಿರಲಿಲ್ಲ. ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಆ ತೇವವನ್ನು ಹತೋಟಿಗೆ ತರಲು ರೂಪಿಸಿದ ಯಂತ್ರವೇ ಇಂದಿನ ಎಸಿಗೆ ಮೂಲ. ಎಸಿಯ ಪೈಪಿನಿಂದ ತೊಟ್ಟಿಕ್ಕುವುದು ಗಾಳಿಯಿಂದ ಹಿಂಡಿದ ನೀರೇ. ಮಂಗಳೂರಿಗೆ ಅದು ಬೇಕು. ನಮ್ಮ ಮಾರ್ಚ್–ಏಪ್ರಿಲ್‌ನ ಗಾಳಿಯಲ್ಲಿ ಹಿಂಡುವುದಕ್ಕೆ ಏನಿದೆ? ಭರಣಿ ಮಳೆ ಬಿದ್ದ ಮರುದಿನ ಕೂಲರ್ ಸೋಲುತ್ತದೆ, ಒಪ್ಪುತ್ತೇನೆ. ಮಳೆಗಾಲ ಹಿಡಿದ ಮೇಲೆ ಧಾರವಾಡದಲ್ಲಿ ಫ್ಯಾನೇ ಸಾಕು.

ತೇವ ಬೇಡವೆನ್ನುವ ದೊಡ್ಡ ಕಚೇರಿಗಳಿಗೆ ಪರೋಕ್ಷ ಕೂಲರುಗಳಿವೆ. ತೆಳು ತಗಡಿನ ಒಂದು ಬದಿ ನೀರು ಆವಿಯಾಗುತ್ತದೆ, ಇನ್ನೊಂದು ಬದಿ ಕೋಣೆಗೆ ಹೋಗುವ ಗಾಳಿ ಒಣಗಿದ್ದಂತೆಯೇ ತಣಿಯುತ್ತದೆ.

ನಳದ ನೀರಿಗೆ ದಿನಗಟ್ಟಲೆ ಕಾಯುವ ಊರಲ್ಲಿ ನೀರಿನ ಖರ್ಚು ಸಣ್ಣ ಮಾತಲ್ಲ. ಬೋರಿನ ನೀರು ಹಾಕಿದರೆ ಪ್ಯಾಡಿನ ಮೇಲೆ ಸುಣ್ಣದಂಥ ಬಿಳಿ ಪದರು ಕಟ್ಟುತ್ತದೆ. ನೀರು ಆವಿಯಾದರೂ ಲವಣ ಉಳಿದು ತೊಟ್ಟಿಯಲ್ಲಿ ಗಟ್ಟಿಯಾಗುತ್ತಾ ಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ತಿಕ್ಕಿ ತೊಳೆದು ತುಂಬಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದೂ ಅಲ್ಲೇ.