ಕೋರಂ: ಬರದೇ ಇದ್ದವರನ್ನ ಯಾರ ಲೆಕ್ಕಕ್ಕೆ ಹಾಕೋದು?

ಮುಂಬಯಿಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗನ್ನ ನಾನು ಮೊದಲ ಮಹಡಿಯ ಬಾಲ್ಕನಿಯಿಂದ ನೋಡ್ತಿರುತ್ತೇನೆ. ಪಾರ್ಕಿಂಗಿನಲ್ಲಿ ಕುರ್ಚಿ ಹಾಕುತ್ತಾರೆ. ಒಂಬತ್ತು ಜನ ಬರುತ್ತಾರೆ. ಸೆಕ್ರೆಟರಿ ರಿಜಿಸ್ಟರಿನ ಸಹಿ ಎಣಿಸಿ ‘ಕೋರಂ ನಾಹೀ’ ಅಂತಾರೆ. ಅರ್ಧ ಗಂಟೆ ಚಹಾ. ಆಮೇಲೆ ಅದೇ ಒಂಬತ್ತು ಜನ ಕೂತು 48 ಮನೆಗಳ ಮೇಂಟೆನೆನ್ಸ್ ಏರಿಸುತ್ತಾರೆ, ಯಾಕಂದ್ರೆ ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ ಅಂತ ನಿಯಮವೇ ಇದೆ.

ಕೋರಂ ಅಂದರೆ, ತೀರ್ಮಾನ ನಿಲ್ಲೋಕೆ ಕನಿಷ್ಠ ಇಷ್ಟು ಜನ ಬಂದಿರಬೇಕು ಅನ್ನೋ ಗೆರೆ. ಜನಮತಗಣನೆಗೂ, ಅಂದರೆ ಒಂದೇ ಪ್ರಶ್ನೆಗೆ ಜನರ ಹತ್ತಿರ ನೇರವಾಗಿ ಬೇಕಾ ಬೇಡವಾ ಅಂತ ಕೇಳುವ ಮತದಾನಕ್ಕೂ, ಕೆಲವು ದೇಶಗಳು ಈ ಗೆರೆ ಹಾಕಿವೆ. ಇಟಲಿಯಲ್ಲಿ ಕಾನೂನು ರದ್ದು ಮಾಡೋಕೆ ಅರ್ಧಕ್ಕಿಂತ ಜಾಸ್ತಿ ಮತದಾರರು ಬರಬೇಕು.

ನ್ಯಾಯ ಅನ್ನಿಸುತ್ತೆ, ಅಲ್ವಾ? ಆದರೆ ಸೋಲ್ತೀವಿ ಅಂತ ಗೊತ್ತಿರೋರಿಗೆ ಬೂತಿಗೆ ಹೋಗಿ ‘ಬೇಡ’ ಅನ್ನೋದಕ್ಕಿಂತ ಸುಮ್ನೆ ಮನೇಲಿ ಕೂರೋದೇ ಲಾಭ. 1991ರ ಜನಮತಗಣನೆ ಹೊತ್ತಲ್ಲಿ ಇಟಲಿಯ ನಾಯಕ ಬೆತ್ತಿನೊ ಕ್ರಾಕ್ಸಿ ಓಟು ಹಾಕೋ ಬದಲು ‘ಬೀಚಿಗೆ ಹೋಗಿ’ ಅಂದರು. ಜನ ಕೇಳಲಿಲ್ಲ, ಶೇ 62 ಮಂದಿ ಬಂದು ಓಟು ಹಾಕಿದರು. 2016ರಲ್ಲಿ ಹಂಗೇರಿಯಲ್ಲಿ ಉಲ್ಟಾ ಆಯ್ತು. ಸಿಂಧುವಾದ ಓಟುಗಳಲ್ಲಿ ಶೇ 98 ಸರಕಾರದ ಕಡೆ, ಆದರೂ ಅರ್ಧದ ಗೆರೆ ದಾಟದೆ ಫಲಿತಾಂಶ ಬಿದ್ದುಹೋಯ್ತು.

ಸ್ಕಾಟ್ಲೆಂಡಿನದು ಇನ್ನೂ ವಿಚಿತ್ರ. 1979ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಬೇಕಾ ಅಂತ ಕೇಳಿದಾಗ, ಓಟು ಹಾಕಿದವರಲ್ಲಿ ಶೇ 51.6 ಮಂದಿ ‘ಬೇಕು’ ಅಂದರು. ಆದರೆ ಒಟ್ಟು ಮತದಾರರಲ್ಲಿ ಶೇ 40 ಮಂದಿ ಹಾಗನ್ನಬೇಕಿತ್ತು, ಅಂದವರು ಶೇ 33. ಅಲ್ಲಿಗೆ ಬರದೇ ಮನೇಲಿ ಕೂತವರೂ ‘ಬೇಡ’ ಅಂದ ಹಾಗೇ.

ಈಗ ಗೋವಾ. 16 ಜನವರಿ 1967. ಮಹಾರಾಷ್ಟ್ರಕ್ಕೆ ಸೇರೋಣ ಅನ್ನೋರಿಗೆ ಹೂವಿನ ಗುರುತು, ಬೇಡ ಅನ್ನೋರಿಗೆ ಎರಡೆಲೆ. ಎರಡೆಲೆಗೆ 1,72,191, ಹೂವಿಗೆ 1,38,170. ಮತದಾನ ಹತ್ತಿರ ಹತ್ತಿರ ಶೇ 82, ಯಾರೂ ಬೆರಳು ತೋರಿಸೋ ಹಾಗಿಲ್ಲ. ಆದರೂ ಸುಮಾರು 3,88,000 ಮತದಾರರ ಪೂರ್ತಿ ಪಟ್ಟಿಗೆ ಹಿಡಿದು ನೋಡಿ: ಗೆದ್ದವರು ಶೇ 44 ಮಾತ್ರ! ಗೆಲ್ಲೋಕೆ ಪಟ್ಟಿಯ ಅರ್ಧ ಬೇಕು ಅಂದಿದ್ದರೆ ಎರಡೆಲೆಯೂ ಸೋಲುತ್ತಿತ್ತು, ಹೂವೂ ಸೋಲುತ್ತಿತ್ತು. ಹಾಗಾಗಿ ‘ಬಹುಮತ’ ಅಂತ ಯಾರಾದ್ರೂ ಅಂದರೆ ನಾನು ಮೊದಲು ಕೇಳೋದು, ಬಂದವರಲ್ಲೋ, ಪಟ್ಟಿಯಲ್ಲೋ?

ಮುಂಬಯಿಯಲ್ಲಿದ್ದ ಗೋವನ್ನರೂ ಆಗ ನಮಗೂ ಓಟು ಬೇಕು ಅಂದಿದ್ದರು. ಸಿಗಲಿಲ್ಲ. ಅವರು ಯಾವ ಶೇಕಡಾದಲ್ಲೂ ಇಲ್ಲ, ಬಾಲ್ಕನಿಯಲ್ಲಿ ನಿಂತ ಬಾಡಿಗೆಯವನಾದ ನನ್ನ ಹಾಗೆ.