ಗಿಗಾಂಟ್: ಎಂಜಿನ್ ಇಲ್ಲದೆ ಹುಟ್ಟಿದ ದೈತ್ಯ ವಿಮಾನ

1940ರ ಕೊನೆ. ಬ್ರಿಟನ್‌ಗೆ ನುಗ್ಗುವ ಲೆಕ್ಕಾಚಾರದಲ್ಲಿದ್ದ ಜರ್ಮನಿಗೆ ಒಂದು ತಲೆನೋವು. ಸೈನಿಕರನ್ನು ಪ್ಯಾರಾಚೂಟ್‌ನಲ್ಲಿ ಇಳಿಸಬಹುದು. ಟ್ಯಾಂಕ್ ಇಳಿಸೋದು ಹೇಗೆ?

ಮೆಸರ್‌ಶ್ಮಿಟ್ ಕಂಪನಿ ಕೊಟ್ಟ ಉತ್ತರ ಎಂಇ 321, ಅಡ್ಡಹೆಸರು ಗಿಗಾಂಟ್. ರೆಕ್ಕೆ ಈ ತುದಿಯಿಂದ ಆ ತುದಿಗೆ 55 ಮೀಟರ್. ನಾವೀಗ ಓಡಾಡುವ ಏರ್‌ಬಸ್ 320ರ ರೆಕ್ಕೆಯೇ ಸುಮಾರು 36 ಮೀಟರ್ ಅಷ್ಟೇ. ಇಷ್ಟು ದೊಡ್ಡ ವಿಮಾನಕ್ಕೆ ಒಂದೂ ಎಂಜಿನ್ ಇರಲಿಲ್ಲ! ಅದು ಗ್ಲೈಡರ್. ಒಮ್ಮೆ ಹೋಗಿ ಇಳಿದರೆ ಮುಗಿಯಿತು, ವಾಪಸ್ ಬರುವ ಮಾತೇ ಇಲ್ಲ ಅಂತ ಹಾಕಿದ ಲೆಕ್ಕ. ಹಾಗಾಗಿ ಕಟ್ಟಿದ್ದೂ ಅಗ್ಗದಲ್ಲೇ. ಉಕ್ಕಿನ ಕೊಳವೆಗಳನ್ನು ಬೆಸೆದು ಹಂದರ, ಅದರ ಮೇಲೆ ಮರ, ಬಟ್ಟೆ. ಮೂತಿಯನ್ನೇ ಎರಡು ಕದವಾಗಿ ತೆರೆದು ಗಾಡಿಯನ್ನು ಸೀದಾ ಒಳಗೆ ಓಡಿಸಬಹುದಿತ್ತು. ನನ್ನ ಪ್ರಕಾರ ಇಡೀ ವಿನ್ಯಾಸದಲ್ಲಿ ಜಾಣತನ ಇದ್ದದ್ದು ಇಲ್ಲೇ.

1941ರ ಫೆಬ್ರವರಿಯಲ್ಲಿ ಅದು ಮೊದಲ ಸಲ ಹಾರಿತು. ಅಷ್ಟರಲ್ಲಿ ಬ್ರಿಟನ್ ಯೋಜನೆ ಮೂಲೆಗೆ ಬಿದ್ದಿತ್ತು. ಗ್ಲೈಡರ್‌ಗಳು ರಷ್ಯಾದ ರಣರಂಗಕ್ಕೆ ಹೋದವು.

20 ಟನ್ ಸರಕು ತುಂಬಿದ ಇದನ್ನು ಮೇಲೆತ್ತುವುದು ಸುಮ್ನೆ ಮಾತಲ್ಲ. ಮೂರು ಮೆಸರ್‌ಶ್ಮಿಟ್ 110 ವಿಮಾನಗಳು ಹಗ್ಗ ಕಟ್ಟಿ ಒಟ್ಟಿಗೆ ಎಳೆಯುತ್ತಿದ್ದವು. ಅದೂ ಸಾಲದೆ ರೆಕ್ಕೆಯ ಕೆಳಗೆ ರಾಕೆಟ್‌ಗಳು. ಗಾಯ ತೊಳೆಯಲು ನೀರು ಬೆರೆಸಿ ಬಳಸುತ್ತೇವಲ್ಲ, ಆ ಹೈಡ್ರೋಜನ್ ಪೆರಾಕ್ಸೈಡೇ ಇವುಗಳ ಜೀವಾಳ. ತುಂಬಾ ಗಾಢವಾದ ಪೆರಾಕ್ಸೈಡ್‌ಗೆ ಪರ್ಮ್ಯಾಂಗನೇಟ್ ಎಂಬ ರಾಸಾಯನಿಕ ತಾಗಿದರೆ ಅದು ಕ್ಷಣದಲ್ಲಿ ಒಡೆದು ಬಿಸಿ ಹಬೆ ಮತ್ತು ಆಮ್ಲಜನಕವಾಗುತ್ತದೆ. ಆ ಹಬೆ ಹಿಂದಕ್ಕೆ ಚಿಮ್ಮಿದರೆ ವಿಮಾನಕ್ಕೆ ಮುಂದಕ್ಕೆ ನೂಕು, ಸುಮಾರು ಅರ್ಧ ನಿಮಿಷ. ಕೆಲಸ ಮುಗಿದ ರಾಕೆಟ್ ಪ್ಯಾರಾಚೂಟ್‌ನಲ್ಲಿ ಕೆಳಗಿಳಿಯುತ್ತಿತ್ತು, ಮತ್ತೆ ಬಳಸಲಿಕ್ಕೆ. ಆದರೆ ಒಂದು ಬದಿಯದು ಹತ್ತಿಕೊಳ್ಳದೆ ಹೋದರೆ? ಗ್ಲೈಡರ್ ಅಡ್ಡ ತಿರುಗುತ್ತದೆ, ಎಳೆಯುವ ಮೂರೂ ವಿಮಾನಗಳು ಒಂದರ ಮೇಲೊಂದು ಬರುತ್ತವೆ. ಈ ಕಾಟ ತಪ್ಪಿಸಲು ಎರಡು ಹೈಂಕೆಲ್ 111 ಬಾಂಬರ್‌ಗಳನ್ನು ಅಕ್ಕಪಕ್ಕ ಜೋಡಿಸಿ, ನಡುವೆ ಐದನೇ ಎಂಜಿನ್ ಕೂರಿಸಿದ ಇನ್ನೊಂದು ವಿಚಿತ್ರವೂ ಹುಟ್ಟಿತು.

ಇಷ್ಟೆಲ್ಲ ಯಾಕೆ, ಗ್ಲೈಡರ್‌ಗೇ ಎಂಜಿನ್ ಹಾಕಬಹುದಲ್ವಾ? ಹಾಕಿದರು. ಆಗ ಜರ್ಮನಿಯ ಕೈಯಲ್ಲಿದ್ದ ಫ್ರಾನ್ಸ್‌ನಿಂದ ನೋಮ್-ರೋನ್ ಎಂಜಿನ್‌ಗಳು ಬಂದವು, ಒಂದೊಂದು ವಿಮಾನಕ್ಕೆ ಆರು. ಅದೇ ಎಂಇ 323. ಕಚ್ಚಾ ನೆಲದಲ್ಲೂ ಇಳಿಯಲಿ ಅಂತ ಹತ್ತು ಚಕ್ರ. ಆರು ಎಂಜಿನ್ ನೋಡಿಕೊಳ್ಳುವ ಇಬ್ಬರು ಎಂಜಿನಿಯರ್‌ಗಳು ಕೂರುತ್ತಿದ್ದದ್ದು ರೆಕ್ಕೆಯೊಳಗೆ! ಎಡಕ್ಕೊಬ್ಬ, ಬಲಕ್ಕೊಬ್ಬ, ಎಂಜಿನ್‌ಗಳ ನಡುವಿನ ಗೂಡಿನಲ್ಲಿ. ಆ ಸದ್ದಿನಲ್ಲಿ ಗಂಟೆಗಟ್ಟಲೆ ಕೂತವರ ಪಾಡು ನೀವೇ ಊಹಿಸಿ.

ಎಂಜಿನ್, ಇಂಧನ, ಚಕ್ರಗಳ ತೂಕವೇ ಏರಿ, ಸರಕಿನ ಲೆಕ್ಕ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ವೇಗ ಗಂಟೆಗೆ 200 ಕಿಲೋಮೀಟರ್ ದಾಟಿದರೆ ಹೆಚ್ಚು. 1943ರ ಏಪ್ರಿಲ್ 22ರಂದು ಉತ್ತರ ಆಫ್ರಿಕಾದ ಟ್ಯುನೀಷಿಯಾಕ್ಕೆ ಪೆಟ್ರೋಲ್ ಹೊತ್ತು ಸಮುದ್ರದ ಮೇಲೆ ಹೊರಟಿದ್ದ ಗಿಗಾಂಟ್‌ಗಳ ಗುಂಪಿಗೆ ಮಿತ್ರಪಕ್ಷದ ಫೈಟರ್‌ಗಳು ಎದುರಾದವು. ಬಟ್ಟೆ ಹೊದಿಸಿದ ಮೈ, ಒಳಗೆಲ್ಲ ಪೆಟ್ರೋಲ್. ಬಹುಪಾಲು ವಿಮಾನಗಳು ಅಲ್ಲೇ ಉರಿದುಬಿದ್ದವು.

ಮುಂದೆ ಬಂದ ಮಾದರಿಗಳಿಗೆ ಬಂದೂಕುಗಳನ್ನು ಹೆಚ್ಚಿಸಿದರು. ಬಂದೂಕಿಗೂ ತೂಕವಿದೆ ತಾನೆ! ಕೊನೆಗೆ ಉಳಿದ ಗಿಗಾಂಟ್‌ಗಳನ್ನು ಕಾಯಲೆಂದೇ ಮೈತುಂಬ ಫಿರಂಗಿ ಜೋಡಿಸಿದ ಇನ್ನೊಂದು ಗಿಗಾಂಟ್ ಪ್ರಯೋಗವೂ ನಡೆಯಿತು. ಅದರಲ್ಲಿ ಸರಕಿಗೆ ಜಾಗವಿರಲಿಲ್ಲ.