ಪಟಿಕದ ಬೇಕಿಂಗ್ ಪೌಡರ್‌ಗೆ ನಿಷೇಧ ತಂದವರು ಯಾರು?

ಕೆಲವು ಬೇಕಿಂಗ್ ಪೌಡರ್ ಡಬ್ಬಿಗಳ ಮೇಲೆ ‘ಅಲ್ಯೂಮಿನಿಯಂ ಇಲ್ಲ’ ಅಂತ ದೊಡ್ಡದಾಗಿ ಬರೆದಿರುತ್ತದೆ. ಈ ಭಯಕ್ಕೆ ನೂರು ವರ್ಷಕ್ಕೂ ಜಾಸ್ತಿ ವಯಸ್ಸು. ಅಮೆರಿಕದಲ್ಲಿ ಅದನ್ನು ಊರೂರಿಗೆ ಹಬ್ಬಿಸಿದ್ದು ಬೇರೆ ಬಗೆಯ ಪುಡಿ ಮಾರುತ್ತಿದ್ದ ಕಂಪನಿ.

ಸೋಡಾಕ್ಕೆ ಒಂದು ಹುಳಿ ಬೆರೆಸಿದರೆ ಬೇಕಿಂಗ್ ಪೌಡರ್. ನೀರು ತಾಗಿದಾಗ ಅನಿಲ ಎದ್ದು ಹಿಟ್ಟು ಉಬ್ಬುತ್ತದೆ. ಜಗಳವೆಲ್ಲ ಆ ಹುಳಿಯದ್ದು. ಅಮೆರಿಕದ ರಸಾಯನ ವಿಜ್ಞಾನಿ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಫಾಸ್ಫೇಟ್ ಹುಳಿಗೆ ಪೇಟೆಂಟ್ ಪಡೆದ. ರಾಯಲ್ ಕಂಪನಿ ಕ್ರೀಮ್ ಆಫ್ ಟಾರ್ಟರ್ ಹಿಡಿಯಿತು. ಅದು ವೈನ್ ಪೀಪಾಯಿಯಲ್ಲಿ ಕಟ್ಟುವ ಗಸಿಯಿಂದ ಬರುವಂಥದ್ದು. ಯುರೋಪಿನಿಂದ ತರಿಸಬೇಕು, ದುಬಾರಿ. ಆಮೇಲೆ ಬಂದವರು ಪಟಿಕದ ಜಾತಿಗೆ ಸೇರಿದ ಸೋಡಿಯಂ ಅಲ್ಯೂಮಿನಿಯಂ ಸಲ್ಫೇಟ್ ಹಾಕಿದರು. ಇದು ಅಗ್ಗ. ಬಿಸಿ ತಾಗಿದ ಮೇಲೇ ಜೋರಾಗಿ ಕೆಲಸ ಮಾಡುವುದರಿಂದ ಕಲಸಿಟ್ಟ ಹಿಟ್ಟು ಸ್ವಲ್ಪ ಕಾದರೂ ಕೆಡುವುದಿಲ್ಲ.

ರಾಯಲ್‌ಗೆ ಬಿಸಿ ತಟ್ಟಿತು. ಪಟಿಕ ವಿಷ ಅನ್ನುವ ಪ್ರಚಾರ ಶುರುವಾಯಿತು. 1899ರಲ್ಲಿ ಮಿಸೌರಿ ರಾಜ್ಯ ಪಟಿಕದ ಬೇಕಿಂಗ್ ಪೌಡರ್ ಮಾರಾಟವನ್ನೇ ನಿಷೇಧಿಸಿತು. ಜನರ ಆರೋಗ್ಯಕ್ಕಾಗಿ ಅಂತ ಹೇಳಿದ್ದೆಲ್ಲ ಸುಮ್ನೆ. ಶಾಸಕರಿಗೆ ಲಂಚ ಹೋಗಿದ್ದು 1903ರಲ್ಲಿ ಬಯಲಾಯಿತು. ಲೆಫ್ಟಿನೆಂಟ್ ಗವರ್ನರ್ ಜಾನ್ ಆಡಮ್ಸ್ ಲೀ ರಾಜೀನಾಮೆ ಕೊಟ್ಟ. ರಾಯಲ್‌ನ ವಿಲಿಯಂ ಝೀಗ್ಲರ್ ಮೇಲೂ ಆರೋಪ ಬಂತು, ಆದರೆ ನ್ಯೂಯಾರ್ಕಿನ ಗವರ್ನರ್ ಅವನನ್ನು ಮಿಸೌರಿಗೆ ಒಪ್ಪಿಸಲಿಲ್ಲ. ದುಡ್ಡಿದ್ದವನ ದಾರಿಯೇ ಬೇರೆ, ಅಲ್ವಾ? ಲಂಚದ ಬೆನ್ನು ಹತ್ತಿದ ಸರ್ಕಾರಿ ವಕೀಲ ಜೋಸೆಫ್ ಫೋಕ್ 1904ರಲ್ಲಿ ಅದೇ ಮಿಸೌರಿಯ ಗವರ್ನರ್ ಚುನಾವಣೆ ಗೆದ್ದ. ಮರುವರ್ಷ ಕಾಯ್ದೆ ಬಿದ್ದುಹೋಯಿತು.

ಇಷ್ಟೆಲ್ಲ ಮುಗಿದ ಮೇಲೆ ವಿಜ್ಞಾನದ ಸರದಿ! ಇರಾ ರೆಮ್ಸೆನ್ ಮುಂದಾಳಾಗಿದ್ದ ಸರ್ಕಾರಿ ತಜ್ಞರ ಮಂಡಳಿ 1914ರಲ್ಲಿ ವರದಿ ಕೊಟ್ಟಿತು. ಪಟಿಕದ ಪುಡಿ ಉಳಿದ ಬೇಕಿಂಗ್ ಪೌಡರ್‌ಗಳಿಗಿಂತ ಹೆಚ್ಚು ಹಾನಿಕರ ಅಲ್ಲ ಎಂದಿತು.

ಹಾಗಂತ ಅಲ್ಯೂಮಿನಿಯಂಗೆ ಪೂರ್ತಿ ಬಿಡುಗಡೆ ಸಿಗಲಿಲ್ಲ. ಈಗ ಕೇಳುವುದು, ಎಲ್ಲ ಊಟ ಸೇರಿ ಎಷ್ಟು ಹೊಟ್ಟೆಗೆ ಹೋಗುತ್ತದೆ ಅಂತ. ವಾರಕ್ಕೆ ದೇಹದ ತೂಕದ ಕಿಲೋಗೆ 1 ಮಿಲಿಗ್ರಾಂ ದಾಟಬಾರದು ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಹೇಳಿತು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2011ರಲ್ಲಿ 2 ಮಿಲಿಗ್ರಾಂ ಅಂದಿತು. 15 ಕಿಲೋ ತೂಗುವ ಮಗುವಿಗೆ ಯುರೋಪಿನ ಲೆಕ್ಕದಲ್ಲಿ ವಾರಕ್ಕೆ ಬರೀ 15 ಮಿಲಿಗ್ರಾಂ. ದಿನಾ ಬ್ರೆಡ್ಡು, ಬನ್ನು ತಿನ್ನುವ ಮನೆಗಳಲ್ಲಿ ಮಿತಿ ಮೊದಲು ದಾಟುವವರು ಮಕ್ಕಳೇ.

ಚೀನಾ ಈ ಲೆಕ್ಕವನ್ನು ಗಟ್ಟಿಯಾಗಿ ಹಿಡಿಯಿತು. ಅಲ್ಲಿ ಹಬೆಯಲ್ಲಿ ಬೇಯಿಸಿದ ಬನ್ನು ದಿನದ ಊಟ. 2014ರ ಜುಲೈನಿಂದ ಅದಕ್ಕೆ ಪಟಿಕ ಹಾಕುವಂತಿಲ್ಲ. ಎಣ್ಣೆಯಲ್ಲಿ ಕರಿಯುವ ಹಿಟ್ಟಿನ ತಿಂಡಿಗಳಿಗೆ ವಿನಾಯಿತಿ ಉಳಿಸಿಕೊಂಡಿತು.